ಪೀಠದ ಕೆಳಗಿನ ಮೇಜು

(ಹಾಸನದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಕೋರ್ಟ್, ಪಂಚಾಯಿತಿ ನೌಕರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕೋರ್ಟ್ ಹಾಲಿಗೆ ಕಾಲಿಟ್ಟವರ ಕಣ್ಣು ಮೊದಲು ಎತ್ತರದ ಪೀಠದ ಕಡೆ ಹೋಗುತ್ತದೆ. ಅದರ ಕೆಳಗೇ ಇನ್ನೊಂದು ಮೇಜು ಇದೆ. ಕಡತದ ರಾಶಿಯ ಹಿಂದೆ ಕೂತವರ ತಲೆಯಷ್ಟೇ ಕಾಣುತ್ತದೆ. ವಿಧಾನಸಭೆಯಲ್ಲೂ ಹೀಗೆಯೇ: ಸಭಾಧ್ಯಕ್ಷರ ಪೀಠ ಮೇಲೆ, ಕಾರ್ಯದರ್ಶಿಯ ಮೇಜು ಕೆಳಗೆ. ಈ ಎರಡು ಮೇಜುಗಳಲ್ಲಿ ಕೂತವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಮತ ಹಾಕುವ ಹಕ್ಕೂ ಇಲ್ಲ. ಆದರೆ ಮೇಲೆ ನಡೆದದ್ದು ಯಾವತ್ತು ನಡೆಯಿತು, ಯಾವ ಸಂಖ್ಯೆಯಡಿ ನಡೆಯಿತು ಎಂಬುದು ಕಾಗದಕ್ಕೆ ಇಳಿಯುವುದು ಇಲ್ಲಿಯೇ. ಇವತ್ತಿನ ಮಾತೆಲ್ಲ ಈ ತಾರೀಖಿನ ಸುತ್ತಲೇ. ಕೋರ್ಟಿನಲ್ಲಿ ಸೋತ ಎಷ್ಟೋ ಪ್ರಕರಣಗಳು ನ್ಯಾಯದಲ್ಲಿ ಸೋತವಲ್ಲ, ತಾರೀಖಿನಲ್ಲಿ ಸೋತವು.

ಮೊದಲು ಹೆಸರುಗಳ ವಿಚಾರ. ಶಿರಸ್ತೇದಾರ್, ನಾಜರ್, ಅಮೀನ, ಗುಮಾಸ್ತ: ನಮ್ಮ ಕಚೇರಿಯ ಮಾತೆಲ್ಲ ಪಾರಸಿ, ಅರಬ್ಬಿ ಮೂಲದ್ದು. ಅದಕ್ಕೂ ಹಿಂದೆ ನಮ್ಮದೇ ಪದವಿತ್ತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಬರಹಗಾರನಾಗಿ 'ಸೇನಬೋವ' ಕಾಣಿಸಿಕೊಳ್ಳುತ್ತಾನೆ. ಅವನೇ ಮುಂದೆ ಶಾನುಭೋಗ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಕೆಲಸ ಹೋಗಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಕನ್ನಡದ ಹಳೆಯ ಬರಹವೆಂದು ಕೊಂಡಾಡುತ್ತೇವಲ್ಲ, ಅದೂ ದತ್ತಿಯ ದಾಖಲೆಯೇ; ಯಾರಿಗೆ ಏನು ಸಂದಿತು, ಅಳಿಸಿದವನಿಗೆ ಯಾವ ಪಾಪ ಎಂದು ಬರೆದಿಟ್ಟ ಕಲ್ಲು. ಈಗಿನ ಹುದ್ದೆಗಳ ಹೆಸರು ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ, ಬೆರಳಚ್ಚುಗಾರ, ಶೀಘ್ರಲಿಪಿಗಾರ, ಬೆಂಚ್ ಕ್ಲರ್ಕ್. ವಕೀಲರ ಗುಮಾಸ್ತರೇ ಬೇರೆ. ಅವರು ಸರ್ಕಾರಿ ನೌಕರರಲ್ಲ, ಆದರೆ ಕೋರ್ಟಿನ ಗುಮಾಸ್ತರ ಅರ್ಧ ಕೆಲಸ ಸಲೀಸಾಗುವುದು ಅವರು ತಂದುಕೊಡುವ ಕಾಗದ ಅಚ್ಚುಕಟ್ಟಾಗಿದ್ದರೆ ಮಾತ್ರ.

ದಾವೆಯ ಹುಟ್ಟಿನಿಂದ ಶುರುಮಾಡೋಣ. ದಾವಾಪತ್ರ ಕೌಂಟರಿಗೆ ಬರುತ್ತದೆ. ಕಾಲಮಿತಿ ಕಾಯ್ದೆಯ ಸೆಕ್ಷನ್ 3ರ ಪ್ರಕಾರ, ದಾವಾಪತ್ರವನ್ನು 'ಸೂಕ್ತ ಅಧಿಕಾರಿ'ಯ ಮುಂದೆ ಹಾಜರುಪಡಿಸಿದಾಗ ದಾವೆ ಹೂಡಿದಂತೆ. ನಂಬರು ಬಿದ್ದ ದಿನ ಅದಲ್ಲ. ಆದ್ದರಿಂದ ಪರಿಶೀಲನೆ ಮುಗಿಯುವುದಕ್ಕೆ ಕಾಯದೆ, ಕಾಗದ ಕೈಗೆ ಬಂದ ಕ್ಷಣವೇ ಮೊದಲ ಹಾಳೆಯ ಮೇಲೆ ತಾರೀಖಿನ ಮೊಹರು ಬೀಳಬೇಕು. 'ಆಕ್ಷೇಪಣೆ ಸರಿಪಡಿಸಿ ತನ್ನಿ, ಆಮೇಲೆ ಮೊಹರು ಹಾಕುತ್ತೇನೆ' ಎನ್ನುವುದು ತಪ್ಪು. ಮೂರು ವರ್ಷದ ಅವಧಿ ಅಂದೇ ಮುಗಿಯುತ್ತಿದ್ದರೆ ಆ ಒಂದು ಮಾತಿನಲ್ಲಿ ಸಾಲದ ದಾವೆ ಮುಳುಗುತ್ತದೆ.

ಮೊಹರಿನ ನಂತರ ಪರಿಶೀಲನೆ. ಪಕ್ಷಗಾರರ ಹೆಸರು, ವಯಸ್ಸು, ವಿಳಾಸ ಇದೆಯೇ, ದಾವೆಯ ಕಾರಣ ಯಾವತ್ತು ಹುಟ್ಟಿತೆಂದು ಹೇಳಿದೆಯೇ, ಸತ್ಯಾಪನೆಗೆ ಸಹಿ ಇದೆಯೇ, ಪ್ರಮಾಣಪತ್ರ (ಅಫಿಡವಿಟ್) ಲಗತ್ತಾಗಿದೆಯೇ, ವಕಾಲತ್ತಿನಲ್ಲಿ ಕಕ್ಷಿದಾರನ ಸಹಿಯೂ ವಕೀಲರ ಒಪ್ಪಿಗೆಯೂ ಇವೆಯೇ. ಹೆಚ್ಚು ಎಡವುವುದು ಕೋರ್ಟ್ ಫೀಯಲ್ಲಿ. ನಮ್ಮ ಜಿಲ್ಲೆಯಲ್ಲಿ ಭಾಗದ (ಆಸ್ತಿ ಪಾಲಿನ) ದಾವೆಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ, ಅದನ್ನೇ ನೋಡಿ. 1958ರ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ ಸೆಕ್ಷನ್ 35ರಲ್ಲಿ ಎರಡು ದಾರಿಗಳಿವೆ. ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ಗೊತ್ತಾದ ಸಣ್ಣ ಮೊತ್ತ. ಪಾಲಿನ ಬೆಲೆ ಹತ್ತು ಸಾವಿರ ದಾಟಿದರೆ 200 ರೂಪಾಯಿ. ಅವನನ್ನು ಸ್ವಾಧೀನದಿಂದ ಹೊರಹಾಕಿದ್ದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ. ಕಾಫಿ ತೋಟದ ಪಾಲಾದರೆ ಎರಡರ ನಡುವೆ ಲಕ್ಷಗಳ ಅಂತರ. ಶೀರ್ಷಿಕೆಯಲ್ಲಿ 'ಜಂಟಿ ಸ್ವಾಧೀನ' ಎಂದು ಬರೆದು, ಆರನೇ ಕಂಡಿಕೆಯಲ್ಲಿ 'ಐದು ವರ್ಷದಿಂದ ತೋಟದೊಳಕ್ಕೆ ಬಿಟ್ಟಿಲ್ಲ' ಎಂದು ಬರೆದ ದಾವಾಪತ್ರಗಳು ಬರುತ್ತವೆ. ಗುಮಾಸ್ತರು ಆರನೇ ಕಂಡಿಕೆಯನ್ನೂ ಓದಿರಬೇಕು. ಫೀ ಎಷ್ಟೆಂದು ತೀರ್ಮಾನಿಸುವವರು ನ್ಯಾಯಾಧೀಶರು. ಆಕ್ಷೇಪಣೆಯ ಚೀಟಿಯಲ್ಲಿ ಬರೆದು ಅವರ ಗಮನಕ್ಕೆ ತರುವುದಷ್ಟೇ ನಮ್ಮ ಕೆಲಸ. ಆಕ್ಷೇಪಣೆಗಳನ್ನು ಒಂದೇ ಸಲ ಬರೆಯಿರಿ. ಇವತ್ತೊಂದು, ನಾಳೆ ಇನ್ನೊಂದು ಎಂದು ಮೂರು ಸಲ ಅಲೆಸುವುದು ಪರಿಶೀಲನೆಯಲ್ಲ.

ಕೇವಿಯಟ್ ರಿಜಿಸ್ಟರನ್ನೂ ಅದೇ ಹೊತ್ತಿಗೆ ನೋಡಬೇಕು. ಕೇವಿಯಟ್ ಎಂದರೆ 'ನನ್ನನ್ನು ಕೇಳದೆ ಆದೇಶ ಮಾಡಬೇಡಿ' ಎಂದು ಮೊದಲೇ ಕೊಟ್ಟಿಡುವ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148-ಎ ಪ್ರಕಾರ ಕೇವಿಯಟ್ ಸಲ್ಲಿಸಿದ ದಿನದಿಂದ 90 ದಿನ ಜೀವಂತ. ಅಷ್ಟರಲ್ಲಿ ಎದುರಾಳಿ ತಡೆಯಾಜ್ಞೆ ಕೇಳಿದರೆ ಕೇವಿಯಟ್ ಹಾಕಿದವನಿಗೆ ಸೂಚನೆ ಹೋಗಬೇಕು. ತಪ್ಪುವುದು ಹೆಸರು ಹೊಂದಿಸುವಲ್ಲಿ. ಒಂದೇ ಹೋಬಳಿಯಲ್ಲಿ ಮೂವರು ಮಂಜೇಗೌಡರು, ಇಬ್ಬರು ಪುಟ್ಟಮ್ಮಂದಿರು ಇರುವ ಸೀಮೆ ನಮ್ಮದು. 'ಬಿನ್', 'ಕೋಂ' ಎಂದು ಹಿಂದಿನವರು ಬರೆಯುತ್ತಿದ್ದದ್ದು ಅಲಂಕಾರಕ್ಕಲ್ಲ. ತಂದೆಯ ಅಥವಾ ಗಂಡನ ಹೆಸರು, ಊರು, ಸರ್ವೆ ನಂಬರು ಇಷ್ಟೂ ಕಂಪ್ಯೂಟರಿಗೆ ಹೋಗಿರದಿದ್ದರೆ ಹುಡುಕಿದವರಿಗೆ ಕೇವಿಯಟ್ ಸಿಗುವುದಿಲ್ಲ. ಇದ್ದೂ ಇಲ್ಲದಂತೆ.

ದಾವೆ ರಿಜಿಸ್ಟರಾದ ಮೇಲೆ ಸಮನ್ಸ್. ಕೋರ್ಟು ಆದೇಶಿಸಿದ ಏಳು ದಿನದೊಳಗೆ ವಾದಿಯು ಪ್ರತಿವಾದಿಗಳು ಎಷ್ಟಿದ್ದಾರೋ ಅಷ್ಟು ದಾವಾ ಪ್ರತಿಗಳನ್ನು, ಪ್ರೊಸೆಸ್ ಫೀಯನ್ನು (ಸಮನ್ಸ್ ಜಾರಿಯ ಶುಲ್ಕ) ಕೊಡಬೇಕು. 'ಪಿ.ಎಫ್. ಕಟ್ಟಿಲ್ಲ' ಎಂಬ ಷರಾ ಬಂದರೆ ಕಡತ ಅಲ್ಲೇ ನಿಲ್ಲುತ್ತದೆ. ಮುಂದೆ ಅದೇ ಕಾರಣಕ್ಕೆ ದಾವೆ ವಜಾ ಆಗಲೂಬಹುದು. (ಕ್ರಿಮಿನಲ್ ಕಡೆ ಹೋದರೆ ಇದೇ ಪಿ.ಎಫ್. ಎಂದರೆ ಪೊಲೀಸರು ಜಪ್ತಿ ಮಾಡಿದ ಮಾಲಿನ ಪ್ರಾಪರ್ಟಿ ಫಾರಂ. ಹೊಸಬರು ಮೊದಲ ತಿಂಗಳು ಇಲ್ಲಿ ತಡವರಿಸುತ್ತಾರೆ.) ಫೀ ಬಂದ ಸಮನ್ಸ್ ನಾಜರ್ ಶಾಖೆಗೆ ಹೋಗುತ್ತದೆ. ನಾಜರರು ಊರುಗಳ ಪ್ರಕಾರ ಹಂಚುತ್ತಾರೆ, ಜಾರಿ ಮಾಡುವವರು ಒಯ್ಯುತ್ತಾರೆ.

ಮಲೆನಾಡಿನಲ್ಲಿ ಸಮನ್ಸ್ ಜಾರಿಯೆಂದರೆ ಬಸ್ಸಿಳಿದು ತೋಟದ ನಡುವೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಕೆಲಸ. ಗೇಟಿನಲ್ಲಿ ಸಿಗುವವರು ರೈಟರ್. ತೋಟದ ಲೆಕ್ಕ, ಹಾಜರಿ ನೋಡುವ ಅವರು ಒಂದು ಲೆಕ್ಕದಲ್ಲಿ ನಮ್ಮ ಜಾತಿಯವರೇ, ಗುಮಾಸ್ತರೇ. 'ಸಾಹುಕಾರ್ರು ಇಲ್ಲ, ನನ್ನ ಹತ್ರ ಕೊಟ್ಟೋಗಿ' ಅಂತಾರೆ. ಕೊಡಬಹುದೇ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 15 ನೋಡಿ. ಪ್ರತಿವಾದಿ ಮನೆಯಲ್ಲಿಲ್ಲ, ಬೇಗ ಸಿಗುವ ಸೂಚನೆಯೂ ಇಲ್ಲ ಎಂದಾದರೆ ಜೊತೆಗೆ ವಾಸವಿರುವ ವಯಸ್ಕ ಕುಟುಂಬ ಸದಸ್ಯರಿಗೆ ಕೊಡಬಹುದು, ಗಂಡಸಾಗಲಿ ಹೆಂಗಸಾಗಲಿ. ನೌಕರ ಕುಟುಂಬದವನಲ್ಲ ಎಂದು ವಿವರಣೆಯಲ್ಲೇ ಬರೆದಿದೆ. ಹಾಗಾದರೆ ರೈಟರಿಗೆ ಕೊಟ್ಟದ್ದು ಜಾರಿಯಾಗಲಿಲ್ಲ. ಆದರೆ ನಿಯಮ 14 ಇದೆ: ದಾವೆ ಆ ಸ್ಥಿರಾಸ್ತಿಗೇ ಸಂಬಂಧಿಸಿದ್ದು, ಖುದ್ದು ಜಾರಿ ಸಾಧ್ಯವಾಗದೆ, ಪ್ರತಿವಾದಿಯ ಪರ ಬೇರೆ ಏಜೆಂಟೂ ಇಲ್ಲದಿದ್ದರೆ, ಆಸ್ತಿಯ ಉಸ್ತುವಾರಿ ಹೊತ್ತವನಿಗೆ ಕೊಡಬಹುದು. ಹೀಗಾಗಿ 'ರೈಟರಿಗೆ ಕೊಟ್ಟಿದೆ' ಎಂಬ ಎರಡು ಪದದ ಷರಾ ಯಾವುದಕ್ಕೂ ಬಾರದು. ಅವರ ಹೆಸರು, ತೋಟದಲ್ಲಿ ಅವರ ಜವಾಬ್ದಾರಿ ಏನು, ಮಾಲೀಕರು ಎಲ್ಲಿದ್ದಾರೆಂದು ಹೇಳಿದರು, ಎಷ್ಟನೇ ಸಲ ಹೋದದ್ದು, ಎಷ್ಟು ಗಂಟೆಗೆ — ಇಷ್ಟು ಇದ್ದರೆ ಸರಿಯೋ ತಪ್ಪೋ ಎಂದು ಕೋರ್ಟು ಹೇಳಬಹುದು.

'ಮನೆ ಬೀಗ' ಎಂಬುದು ಇನ್ನೊಂದು ಪ್ರಸಿದ್ಧ ಷರಾ. ಬೀಗ ನೋಡಿದ ಕೂಡಲೇ ಬಾಗಿಲಿಗೆ ಅಂಟಿಸಿ ಬರಲು ನಿಯಮ 17 ಒಪ್ಪುವುದಿಲ್ಲ. ಪ್ರತಿವಾದಿಯನ್ನು ತಕ್ಕ ಶ್ರದ್ಧೆಯಿಂದ ಹುಡುಕಿರಬೇಕು, ಸಮಂಜಸವಾದ ಅವಧಿಯೊಳಗೆ ಸಿಗುವಂತಿರಬಾರದು. ಅಂಟಿಸಿದರೆ ಯಾವ ಪರಿಸ್ಥಿತಿಯಲ್ಲಿ ಅಂಟಿಸಿದ್ದು, ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದ್ದು ಎಂದು ಹೆಸರು ವಿಳಾಸ ಸಮೇತ ಬರೆಯಬೇಕು. ಆಮೇಲೆ ನಿಯಮ 19ರಂತೆ ಅಫಿಡವಿಟ್ಟಿನ ಮೇಲೋ ಜಾರಿಕಾರರನ್ನು ವಿಚಾರಿಸಿಯೋ ಜಾರಿ ಸರಿಯಾಗಿದೆ ಎಂದು ಕೋರ್ಟು ಘೋಷಿಸಬೇಕು. ಇಲ್ಲಿ ಅವಸರಪಟ್ಟರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ (ಪ್ರತಿವಾದಿ ಇಲ್ಲದೆಯೇ ತೀರ್ಪಾಗಿ ಅದರ ವಿಧ್ಯುಕ್ತ ಆದೇಶ ಹೊರಬೀಳುತ್ತದೆ), ಎರಡು ಮೂರು ವರ್ಷದ ನಂತರ ಪ್ರತಿವಾದಿ ಬಂದು 'ನನಗೆ ಸಮನ್ಸೇ ಬಂದಿಲ್ಲ' ಎನ್ನುತ್ತಾನೆ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿ ರದ್ದು ಮಾಡಿ ಎಂದು ಕೇಳಲು ಅವನಿಗಿರುವ 30 ದಿನ ಶುರುವಾಗುವುದು ಡಿಕ್ರಿ ಅವನಿಗೆ ತಿಳಿದ ದಿನದಿಂದ. ಸಾಕ್ಷಿ, ವಾದ, ತೀರ್ಪು ಎಲ್ಲ ಮತ್ತೆ ಮೊದಲಿಂದ. ಒಂದು ಷರಾ ಬರೆಯಲು ಹಿಡಿಯದ ಐದು ನಿಮಿಷದ ಬೆಲೆ ಅದು.

ಇನ್ನು ಹಾಲಿನೊಳಗೆ. ಹಿಂದಿನ ಸಂಜೆಯೇ ಮರುದಿನದ ಕಡತಗಳು ಪಟ್ಟಿಯ ಕ್ರಮದಲ್ಲಿ ಜೋಡಣೆಯಾಗಿರಬೇಕು. ಬೆಳಿಗ್ಗೆ ಪ್ರಕರಣ ಕೂಗುತ್ತಾರೆ, ಹಾಜರಿ ಹಿಡಿಯುತ್ತಾರೆ, ಮುಂದಿನ ತಾರೀಖು ಬೀಳುತ್ತದೆ. ಇದೆಲ್ಲ ಆರ್ಡರ್ ಶೀಟಿನಲ್ಲಿ ಆ ಹೊತ್ತಿನಲ್ಲೇ ದಾಖಲಾಗಬೇಕು. ಸಂಜೆ ನೆನಪಿನಿಂದ ಬರೆದರೆ 14 ಹೋಗಿ 24 ಆಗುತ್ತದೆ. ಈಗ ಅದೇ ತಾರೀಖು ಸಿಐಎಸ್ ಎಂಬ ತಂತ್ರಾಂಶಕ್ಕೂ ಹೋಗಬೇಕು. ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಒತ್ತಿದರೆ ಕಳಸದ ಮೂಲೆಯಲ್ಲಿ ಕೂತ ಕಕ್ಷಿದಾರನಿಗೂ ಮೊಬೈಲಿನಲ್ಲಿ ತಾರೀಖು ಕಾಣುತ್ತದೆ. ಒಳ್ಳೆಯದಾಯಿತು; ತಾರೀಖು ಹೇಳುವುದಕ್ಕೆ 'ಕಾಫಿಗೆ' ಕೇಳುವ ಹಳೆಯ ಚಾಳಿಯ ಬೇರು ಇದರಿಂದ ಸಡಿಲವಾಗಿದೆ. ಆದರೆ ಹೊಸ ತಪ್ಪೂ ಹುಟ್ಟಿದೆ. ಮುಂದೂಡಿದ ಪ್ರಕರಣವನ್ನು ಕೈತಪ್ಪಿ 'ವಿಲೇವಾರಿ' ಎಂದು ನಮೂದಿಸಿದರೆ ಅದು ಯಾವ ದಿನದ ಪಟ್ಟಿಯಲ್ಲೂ ಬರುವುದಿಲ್ಲ, ಕಡತ ಕಪಾಟಿನಲ್ಲೇ ನಿದ್ದೆ ಹೋಗುತ್ತದೆ. ಆದ್ದರಿಂದ ಪ್ರತಿ ಸಂಜೆ ಕಡತಗಳ ಎಣಿಕೆ, ಡೈರಿಯ ಎಣಿಕೆ, ಪರದೆಯ ಎಣಿಕೆ ಮೂರನ್ನೂ ತಾಳೆ ಹಾಕಬೇಕು. ವ್ಯತ್ಯಾಸ ಬಂದರೆ ನ್ಯಾಯಾಧೀಶರ ಸಹಿ ಇರುವ ಆರ್ಡರ್ ಶೀಟನ್ನು ನೋಡಿ ಪರದೆಯನ್ನು ತಿದ್ದಬೇಕು.

ಸಾಕ್ಷ್ಯದ ದಿನ ದಾಖಲೆಗೆ ನಿಶಾನೆ ಹಾಕುವ ಕೆಲಸ. ವಾದಿಯವು ಪಿ-1, ಪಿ-2; ಪ್ರತಿವಾದಿಯವು ಡಿ-1. ಆದೇಶ 13, ನಿಯಮ 4ರ ಪ್ರಕಾರ ಒಪ್ಪಿಕೊಂಡ ಪ್ರತಿ ದಾಖಲೆಯ ಮೇಲೆ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ಹಾಜರುಪಡಿಸಿದ ದಿನ, ಒಪ್ಪಿದ ಬಗ್ಗೆ ಷರಾ, ನ್ಯಾಯಾಧೀಶರ ಸಹಿ ಇಲ್ಲವೇ ಚಿಕ್ಕಸಹಿ ಬೇಕು. ಕಾಗದವನ್ನು ಮೇಲೆ ಕೊಡುವ ಮುನ್ನ ಬೆಂಚ್ ಕ್ಲರ್ಕ್ ಒಮ್ಮೆ ಛಾಪಾ ಕಾಗದದ ಮೊತ್ತ ನೋಡಿದರೆ ದೊಡ್ಡ ಉಪಕಾರ. ಸ್ವಾಧೀನ ಕೊಟ್ಟಿದೆ ಎಂದು ಬರೆದ ಕ್ರಯದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. 200 ರೂಪಾಯಿಯ ಛಾಪಾ ಕಾಗದದಲ್ಲಿ ಬರೆದು ತಂದಿರುತ್ತಾರೆ. ಕರ್ನಾಟಕ ಮುದ್ರಾಂಕ ಕಾಯ್ದೆಯ ಸೆಕ್ಷನ್ 33ರಂತೆ ಅದನ್ನು ತಡೆಹಿಡಿಯಬೇಕು, 34ರಂತೆ ಕಡಿಮೆಯಾದ ಶುಲ್ಕ ಮತ್ತು ಹತ್ತು ಪಟ್ಟು ದಂಡ ಕಟ್ಟಿಸಬೇಕು. ಯಾರೂ ಗಮನಿಸದೆ ನಿಶಾನೆ ಬಿದ್ದುಹೋದರೆ ಮುಂದೆ ಮುದ್ರಾಂಕದ ಕಾರಣಕ್ಕೆ ಅದನ್ನು ಪ್ರಶ್ನಿಸಲು ಸೆಕ್ಷನ್ 35 ಬಿಡುವುದಿಲ್ಲ.

ಕ್ರಿಮಿನಲ್ ಕಡೆ ತಾರೀಖು ಸಾಲದು, ಗಂಟೆಯೂ ಬೇಕು. ಬಂಧಿತನ ತನಿಖೆ 60 ಅಥವಾ 90 ದಿನದಲ್ಲಿ ಮುಗಿಯದಿದ್ದರೆ ಅವನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಅವಧಿ ಮೀರಿದ ದಿನ ಬೆಳಿಗ್ಗೆ ಜಾಮೀನು ಅರ್ಜಿ, ಅದೇ ದಿನ ಮಧ್ಯಾಹ್ನ ದೋಷಾರೋಪ ಪಟ್ಟಿ ಬಂದರೆ? ಅರ್ಜಿ ಮೊದಲು ಬಂದಿದ್ದರೆ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎರಡು ಕಾಗದಗಳಲ್ಲಿ ಯಾವುದು ಮೊದಲು ಬಂತು ಎನ್ನುವುದಕ್ಕೆ ಕೌಂಟರಿನಲ್ಲಿ ಬರೆದ ಗಂಟೆ-ನಿಮಿಷದಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ. ಒಬ್ಬ ಮನುಷ್ಯ ಜೈಲಿನಲ್ಲಿರಬೇಕೋ ಮನೆಯಲ್ಲಿರಬೇಕೋ ಎಂಬುದು ಅದರ ಮೇಲೆ ನಿಂತಿರುತ್ತದೆ.

ಮುದ್ದೆಮಾಲಿನ (ಜಪ್ತಿಯಾಗಿ ಕೋರ್ಟಿಗೆ ಬಂದ ಮಾಲಿನ) ಗುಮಾಸ್ತರಿಗೆ 1 ಜುಲೈ 2024ರಿಂದ ಹೊಸ ಲೆಕ್ಕ ಬಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 497ರಲ್ಲಿ, ಮಾಲು ಹಾಜರಾದ 14 ದಿನದೊಳಗೆ ವಿವರಪಟ್ಟಿ ತಯಾರಾಗಬೇಕು, ಫೋಟೋ, ಬೇಕಾದರೆ ವಿಡಿಯೋ ಕೂಡ ತೆಗೆಸಬೇಕು, ಆಮೇಲೆ 30 ದಿನದೊಳಗೆ ವಿಲೇವಾರಿಯ ಆದೇಶ. ಮರಳಿನ ಲಾರಿ, ಕಳ್ಳತನದ ಮೆಣಸಿನ ಮೂಟೆಗಳು ಮಳೆಯಲ್ಲಿ ಕೊಳೆಯುವುದು ತಪ್ಪಲಿ ಎಂಬುದು ಇದರ ಉದ್ದೇಶ. ಮಾಲು ಒಳಗೆ ತೆಗೆದುಕೊಳ್ಳುವಾಗ ಮೊಹರು ಒಡೆದಿದೆಯೇ, ತೂಕ ಪಟ್ಟಿಯಲ್ಲಿರುವಷ್ಟೇ ಇದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳದಿದ್ದರೆ ಮುಂದೆ ಬರುವ ಪ್ರತಿ ಗ್ರಾಂ ವ್ಯತ್ಯಾಸಕ್ಕೂ ಗುಮಾಸ್ತರೇ ಹೊಣೆ.

ತೀರ್ಪಾಯಿತು. ಜನ ಮುಗಿಯಿತೆಂದುಕೊಳ್ಳುತ್ತಾರೆ. ಡಿಕ್ರಿ ಬರೆಯುವ ಗುಮಾಸ್ತರಿಗೆ ಈಗ ಶುರು. ಆದೇಶ 20, ನಿಯಮ 6-ಎ ಪ್ರಕಾರ ಆದಷ್ಟು ಬೇಗ, ಹೇಗಿದ್ದರೂ 15 ದಿನದೊಳಗೆ ಡಿಕ್ರಿ ಸಿದ್ಧವಾಗಬೇಕು; ಯಾವತ್ತು ಬರೆದರೂ ಅದರ ಮೇಲಿನ ತಾರೀಖು ತೀರ್ಪಿನದೇ. ತಪ್ಪಾಗುವ ಜಾಗ ಷೆಡ್ಯೂಲ್, ಅಂದರೆ ಆಸ್ತಿಯ ವಿವರ. ಚಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲು, ಸರ್ವೆ ನಂಬರು 45/2 ಹೋಗಿ 42/5. ಎಲ್ಲಕ್ಕಿಂತ ಕೆಟ್ಟದ್ದು ವಿಸ್ತೀರ್ಣ. ಒಂದು ಎಕರೆಗೆ 40 ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯೆಂದರೆ ಎರಡೂವರೆ ಎಕರೆ. ಅದನ್ನು '2.20 ಎಕರೆ' ಎಂದು ಚುಕ್ಕೆಯಿಟ್ಟು ಬೆರಳಚ್ಚು ಮಾಡಿದರೆ ದಶಮಾಂಶದ ಲೆಕ್ಕದಲ್ಲಿ ಎರಡು ಎಕರೆ ಎಂಟು ಗುಂಟೆ ಎಂದು ಓದುವವರು ಇದ್ದಾರೆ. ಹನ್ನೆರಡು ಗುಂಟೆ ಒಂದು ಚುಕ್ಕೆಯಲ್ಲಿ ಮಾಯ. 'ಎಕರೆ 2, ಗುಂಟೆ 20' ಎಂದು ಬಿಡಿಸಿ, ಕೆಳಗೆ ಅಕ್ಷರದಲ್ಲೂ ಬರೆಯಿರಿ. ಕಂದಾಯದ ಜಮೀನಿನ ಪಾಲು ಜಿಲ್ಲಾಧಿಕಾರಿಯ ಮೂಲಕ ಆಗಬೇಕಾದ್ದು. ಪಹಣಿಗೂ ಡಿಕ್ರಿಗೂ ತಾಳೆಯಾಗದಿದ್ದರೆ ಅಲ್ಲಿಂದ ಕಡತ ವಾಪಸು. ಬರವಣಿಗೆಯ ತಪ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 152ರಲ್ಲಿ ತಿದ್ದಿಸಬಹುದು ನಿಜ, ಆದರೆ ಅದಕ್ಕೊಂದು ಅರ್ಜಿ, ಎದುರಾಳಿಯ ತಕರಾರು, ಮತ್ತೆ ತಾರೀಖು.

ನಕಲು ಶಾಖೆಯನ್ನು ಯಾರೂ ದೊಡ್ಡದೆಂದು ತಿಳಿಯುವುದಿಲ್ಲ. ಅಪೀಲಿನ ಭವಿಷ್ಯ ಇರುವುದೇ ಅಲ್ಲಿ. ದೃಢೀಕೃತ ನಕಲಿನ ಕೊನೆಯ ಹಾಳೆಯಲ್ಲಿ ಅರ್ಜಿ ಹಾಕಿದ ದಿನ, ಶುಲ್ಕ ಕೇಳಿದ ದಿನ, ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಹೀಗೆ ಸಾಲು ತಾರೀಖುಗಳು ಇರುತ್ತವೆ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90. ನಕಲು ಪಡೆಯಲು ಬೇಕಾದ ಸಮಯವನ್ನು ಕಾಲಮಿತಿ ಕಾಯ್ದೆಯ ಸೆಕ್ಷನ್ 12 ಕಳೆದು ಕೊಡುತ್ತದೆ. ಉದಾಹರಣೆಗೆ ಜೂನ್ 3ಕ್ಕೆ ತೀರ್ಪು. ಬರೀ 30 ದಿನವಾದರೆ ಜುಲೈ 3 ಕಡೆಯ ದಿನ. ಜೂನ್ 13ಕ್ಕೆ ನಕಲಿಗೆ ಅರ್ಜಿ, 28ಕ್ಕೆ ತಯಾರು ಎಂದರೆ ಎರಡೂ ದಿನ ಸೇರಿ 16 ದಿನ ಸಿಗುತ್ತದೆ. ಜುಲೈ 19ರವರೆಗೆ ಅಪೀಲು ಹಾಕಬಹುದು. ತಯಾರಾದ ನಕಲನ್ನು ಕಕ್ಷಿದಾರ ಜುಲೈ 10ಕ್ಕೆ ಬಂದು ಒಯ್ದರೆ ಆ ಹನ್ನೆರಡು ದಿನ ಅವನ ಖಾತೆಗೆ, ಕೋರ್ಟಿನ ಖಾತೆಗಲ್ಲ. ಹಾಗೆಯೇ ಶುಲ್ಕ ಕಟ್ಟದೆ ಕೂತ ದಿನಗಳೂ. ತಯಾರಾದ ದಿನವನ್ನು ಹಾಕದೆ ಕೊಟ್ಟ ದಿನವನ್ನೇ ಎರಡೂ ಕಡೆ ಬರೆಯುವ ಗುಮಾಸ್ತರು ಉಪಕಾರ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅದು ಸುಳ್ಳು ದಾಖಲೆ.

ದಾಖಲೆ ಕೊಠಡಿಯ ಬಗ್ಗೆ ಒಂದೇ ಮಾತು. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಕೆಳಗಿನ ಹಲಗೆಯಲ್ಲಿ ಕಡತ ಇಡಬೇಡಿ, ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಪ್ಲಾಸ್ಟಿಕ್ ನೀರು ತಡೆಯುತ್ತದೆ ನಿಜ, ಒಳಗಿನ ತೇವವನ್ನೂ ಅಲ್ಲೇ ಹಿಡಿದಿಟ್ಟು ಬೂಷ್ಟು ಬರಿಸುತ್ತದೆ. ಹಳೆಯ ಬಟ್ಟೆಯ ಬಸ್ತಾನೇ ವಾಸಿ.

ಈಗ ವಿಧಾನಮಂಡಲಕ್ಕೆ ಬರೋಣ. ಅಲ್ಲಿನ ಗುಮಾಸ್ತಿಕೆಯ ಕಥೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿನ ಕಾಮನ್ಸ್ ಸಭೆಗೆ 1363ರಿಂದ ಕ್ಲರ್ಕ್ ಇದ್ದಾರೆ. 1642ರ ಜನವರಿ 4ರಂದು ಒಂದನೇ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಹಿಡಿಯಲು ಸದನಕ್ಕೇ ನುಗ್ಗಿದಾಗ, ಸಹಾಯಕ ಕ್ಲರ್ಕ್ ಜಾನ್ ರಶ್‌ವರ್ತ್ ಮೇಜಿನಲ್ಲಿ ಕೂತು ದೊರೆಯ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಅಂದು ಸಂಜೆ ದೊರೆ ಅವರನ್ನು ಕರೆಸಿ ಆ ಬರಹದ ಪ್ರತಿ ತೆಗೆದುಕೊಂಡ. ಸದನದ ಕಾಗದ ಯಾರದ್ದು, ಸದನದ್ದೋ ಆಳುವವರದ್ದೋ? ಈ ಪ್ರಶ್ನೆ ನಮ್ಮಲ್ಲೂ ಎದ್ದಿತು. ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲರು ಸದನದ ಸಿಬ್ಬಂದಿ ಸರ್ಕಾರದ ಇಲಾಖೆಯ ಅಧೀನದಲ್ಲಿ ಇರಬಾರದೆಂದು ಹಟ ಹಿಡಿದರು. 1929ರ ಜನವರಿ 10ರಂದು ಪ್ರತ್ಯೇಕ ಕಚೇರಿ ಹುಟ್ಟಿತು. ಸಂವಿಧಾನದಲ್ಲಿ ಸಂಸತ್ತಿಗೆ 98ನೇ ವಿಧಿ, ರಾಜ್ಯಗಳಿಗೆ 187ನೇ ವಿಧಿ ಅದೇ ದಾರಿಯವು. ನಮ್ಮ ವಿಧಾನಸಭೆಗೂ ವಿಧಾನಪರಿಷತ್ತಿಗೂ ಬೇರೆ ಬೇರೆ ಸಚಿವಾಲಯ ಇರುವುದು ಹೀಗೆ.

ಹಾಸನ ಜಿಲ್ಲೆಯಿಂದ ಏಳು, ಚಿಕ್ಕಮಗಳೂರಿನಿಂದ ಐದು ಶಾಸಕರು 224 ಜನರ ಸದನಕ್ಕೆ ಹೋಗುತ್ತಾರೆ. ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿಯೇ ಕೋರಂ. ಹತ್ತನೇ ಒಂದು ಭಾಗವೆಂದರೆ 22.4, ಹಾಗಾಗಿ ಕೋರಂಗೆ 23 ತಲೆ ಬೇಕು. 75 ಸದಸ್ಯರ ಪರಿಷತ್ತಿನಲ್ಲಿ ಹತ್ತನೇ ಒಂದು ಏಳೂವರೆಯಾದರೂ 189ನೇ ವಿಧಿ 'ಹತ್ತು ಅಥವಾ ಹತ್ತನೇ ಒಂದು, ಯಾವುದು ಹೆಚ್ಚೋ ಅದು' ಎನ್ನುವುದರಿಂದ ಹತ್ತು. ಈ ಎಣಿಕೆಯೂ ಕೆಳಗಿನ ಮೇಜಿನದೇ. ಪ್ರಶ್ನೆಗಳ ಶಾಖೆಯನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಆಲೂರು, ಸಕಲೇಶಪುರದ ಕಾಡಾನೆ ಹಾವಳಿಯ ಬಗ್ಗೆ ಒಬ್ಬ ಶಾಸಕರು ಪ್ರಶ್ನೆ ಕಳಿಸುತ್ತಾರೆ ಎಂದುಕೊಳ್ಳಿ. 'ಸರ್ಕಾರ ಆನೆ ಹಿಡಿಯುವಲ್ಲಿ ಸಂಪೂರ್ಣ ವಿಫಲವಾಗಿಲ್ಲವೇ?' ಎಂದು ಬರೆದರೆ ಅದು ಪ್ರಶ್ನೆಯಲ್ಲ, ವಾದ. ಬೆಳೆ ಪರಿಹಾರ, ರೈಲ್ವೆ ಬ್ಯಾರಿಕೇಡ್, ತೋಟಗಳ ವಿದ್ಯುತ್ ಮೂರನ್ನೂ ಒಂದರಲ್ಲೇ ತುರುಕಿದರೆ ಒಂದು ಅರಣ್ಯಕ್ಕೆ, ಇನ್ನೊಂದು ಇಂಧನಕ್ಕೆ ಹೋಗಬೇಕು. ಉತ್ತರ ಅರ್ಧಂಬರ್ಧ ಬರುತ್ತದೆ. ಕೋರ್ಟಿನ ಮುಂದಿರುವ ವಿಷಯವಾದರೆ ಕೇಳುವಂತಿಲ್ಲ. ಒಳ್ಳೆಯ ಗುಮಾಸ್ತರು ಪ್ರಶ್ನೆಯನ್ನು ತಿರಸ್ಕರಿಸುವುದಿಲ್ಲ. ಶಾಸಕರ ಕಚೇರಿಗೆ ಫೋನ್ ಮಾಡಿ 'ಯಾವ ವರ್ಷದಿಂದ, ಯಾವ ತಾಲ್ಲೂಕು, ಎಷ್ಟು ಅರ್ಜಿ, ಎಷ್ಟು ಪಾವತಿ' ಎಂದು ಬಿಡಿಸಿ ಬರೆಸಿಕೊಳ್ಳುತ್ತಾರೆ. ನುಣುಚಿಕೊಳ್ಳಲು ಆಗದ ಉತ್ತರ ಬರುವುದು ಆಗ.

ವಿಧೇಯಕದ ಶಾಖೆಯಲ್ಲಿ ಮತ್ತೆ ತಾರೀಖು. ವಿಧಾನಸಭೆ ಒಪ್ಪಿದ ಧನ ವಿಧೇಯಕವನ್ನು (ಮನಿ ಬಿಲ್) ಪರಿಷತ್ತು 14 ದಿನ ಇಟ್ಟುಕೊಳ್ಳಬಹುದು. ಸಾಧಾರಣ ವಿಧೇಯಕವನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಇನ್ನೊಂದು ತಿಂಗಳು. ಪರಿಷತ್ತಿಗೆ ತಲುಪಿದ ದಿನ ಯಾರ ರಿಜಿಸ್ಟರಿನಲ್ಲಿ ಹೇಗೆ ಬರೆದಿದೆ ಎಂಬುದರ ಮೇಲೆ ಈ ಗಡಿಯಾರ ಓಡುತ್ತದೆ. ಸುಗ್ರೀವಾಜ್ಞೆಯದು ಇನ್ನೂ ಸೂಕ್ಷ್ಮ. 213ನೇ ವಿಧಿಯಂತೆ ಸದನ ಮತ್ತೆ ಸೇರಿದ ಆರು ವಾರಕ್ಕೆ ಅದರ ಜೀವ ಹೋಗುತ್ತದೆ. ಎರಡು ಸದನಗಳು ಬೇರೆ ಬೇರೆ ದಿನ ಸೇರಿದರೆ? ನಂತರ ಸೇರಿದ ದಿನದಿಂದ ಎಣಿಸಬೇಕು. ಮೊದಲಿನ ದಿನದಿಂದ 42 ಎಣಿಸಿ ಪಟ್ಟಿ ಹಾಕಿದರೆ ಇಲಾಖೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ನಂತರದ್ದನ್ನೂ ಮೀರಿದರೆ ಕಾನೂನೇ ಇಲ್ಲದ ದಿನಗಳು ಹುಟ್ಟುತ್ತವೆ. ಇನ್ನು ತಿದ್ದುಪಡಿ ಬಿದ್ದ ವಿಧೇಯಕದಲ್ಲಿ ಒಂದು ಖಂಡ ಕೈಬಿಟ್ಟರೆ ಕೆಳಗಿನವೆಲ್ಲ ಒಂದೊಂದು ಅಂಕಿ ಮೇಲೆ ಬರುತ್ತವೆ. 'ಖಂಡ 9ರಲ್ಲಿ ಹೇಳಿದಂತೆ' ಎಂದು 17ರೊಳಗೆ ಅಡಗಿರುವ ಮಾತನ್ನು ಹುಡುಕಿ ತಿದ್ದದಿದ್ದರೆ ಕಾಯ್ದೆ ಬೇರೊಂದನ್ನು ತೋರಿಸುತ್ತಾ ಕೂರುತ್ತದೆ.

ಸದನದ ಮಾತನ್ನು ಬರೆಯುವ ವರದಿಗಾರರು ಕೆಲವೇ ನಿಮಿಷಗಳ ಸರದಿಯಲ್ಲಿ ಬಂದು ಹೋಗುತ್ತಾರೆ. ಕಡತದಿಂದ ಯಾವ ಮಾತನ್ನು ತೆಗೆಯಬೇಕು ಎನ್ನುವುದು ಸಭಾಧ್ಯಕ್ಷರ ಅಧಿಕಾರ. ಅಸಹ್ಯವೆನಿಸಿತೆಂದು ಗುಮಾಸ್ತರು ತಾವಾಗಿ ಒಂದು ಪದ ಬಿಡುವಂತಿಲ್ಲ, ವ್ಯಾಕರಣ ಚೆನ್ನಾಗಲೆಂದು ಅರ್ಥ ತಿರುಗಿಸುವಂತಿಲ್ಲ. ಕೋರ್ಟಿಗೂ ಸದನಕ್ಕೂ ಇರುವ ದೊಡ್ಡ ವ್ಯತ್ಯಾಸ ಕೇಳಿ. ಕೋರ್ಟಿನ ಗುಮಾಸ್ತರ ತಪ್ಪಿಗೆ ಮೇಲೊಂದು ಕೋರ್ಟಿದೆ. ಸದನದಲ್ಲಿ ಕ್ರಮದ ಲೋಪವಾಯಿತೆಂಬ ಒಂದೇ ಕಾರಣಕ್ಕೆ ನಡವಳಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎನ್ನುತ್ತದೆ 212ನೇ ವಿಧಿ. ಸಂವಿಧಾನಕ್ಕೇ ವಿರುದ್ಧವಾದ ಅಕ್ರಮದ ಮಾತು ಬೇರೆ. ಬರೀ ಲೋಪವಾದರೆ ತಿದ್ದುವವರು ಯಾರೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೇ ಸದನದ ಮೇಜಿನ ಕೆಲಸ ಕೋರ್ಟಿನ ಮೇಜಿನದಕ್ಕಿಂತ ಕಷ್ಟದ್ದು.

ಇಲ್ಲಿ ಕೂತ ಪಂಚಾಯಿತಿ ನೌಕರರು ವಿಧಾನಸೌಧ ನಮಗೆ ದೂರ ಎನ್ನಬಹುದು. ನಡವಳಿ ಪುಸ್ತಕ ದೂರವಿಲ್ಲವಲ್ಲ. ಪುಟಗಳಿಗೆ ಮೊದಲೇ ಅಂಕಿ ಹಾಕಿ. ಹಾಜರಿಯ ಸಹಿ ಸಭೆ ಶುರುವಾಗುವಾಗಲೇ ಆಗಲಿ. ಮನೆಮನೆಗೆ ಪುಸ್ತಕ ಕಳಿಸಿ ಸಹಿ ತರಿಸಿದರೆ ಕೋರಂ ಇರಲಿಲ್ಲ ಎಂಬ ದೂರಿಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ನಿರ್ಣಯಕ್ಕೆ ಸೂಚಕರು, ಅನುಮೋದಕರು, ವಿರೋಧಿಸಿದವರ ಹೆಸರು ಬರೆಯಿರಿ. 'ಚರ್ಚಿಸಿ ತೀರ್ಮಾನಿಸಲಾಯಿತು' ಎಂದರೆ ಏನು ತೀರ್ಮಾನ? ಎಷ್ಟು ರೂಪಾಯಿ, ಯಾವ ಯೋಜನೆಯಿಂದ, ಯಾವ ಚರಂಡಿಗೆ? ಬರೆದು ಮುಗಿದ ಕಡೆ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು ಅದರ ಕೆಳಗೆ ಅಧ್ಯಕ್ಷರ ಸಹಿ ಮಾಡಿಸಿ. ಆ ಖಾಲಿ ನಾಲ್ಕು ಸಾಲಿನಲ್ಲಿ ಆಮೇಲೆ ಸೇರಿದ ನಿವೇಶನ ಹಂಚಿಕೆಗಳು ಎಷ್ಟೋ ಕಡೆ ತನಿಖೆಯವರೆಗೆ ಹೋಗಿವೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇವೆ.

ಒಂದು, ಹೊಸ ನೌಕರರೊಬ್ಬರದ್ದು: 'ಕಕ್ಷಿದಾರರು ಬಂದು ಏನು ಮಾಡಲಿ ಅಂತ ಕೇಳಿದರೆ ಎಷ್ಟು ಹೇಳಬಹುದು ಸಾರ್?' ತಾರೀಖು ಯಾವುದು, ಯಾವ ಶಾಖೆಗೆ ಹೋಗಬೇಕು, ಅರ್ಜಿಯ ನಮೂನೆ ಯಾವುದು, ಶುಲ್ಕ ಎಷ್ಟು, ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿದೆ — ಇಷ್ಟನ್ನು ಕೇಳದಿದ್ದರೂ ಹೇಳಿ. ಕೇಸು ಗೆಲ್ಲುತ್ತದೆಯೇ, ರಾಜಿ ಆಗಬಹುದೇ, ಯಾವ ವಕೀಲರು ಒಳ್ಳೆಯವರು ಎನ್ನುವುದನ್ನು ಕೇಳಿದರೂ ಹೇಳಬೇಡಿ.

ಇನ್ನೊಂದು, ಅರಸೀಕೆರೆ ಕಡೆಯಿಂದ ಬಂದಿದ್ದ ವಿದ್ಯಾರ್ಥಿನಿಯದ್ದು: 'ಕೋರ್ಟು ಡಿಕ್ರಿ ಬರೆಯುವುದೇ ಒಂದು ತಿಂಗಳು ತಡವಾದರೆ ಆ ದಿನಗಳೂ ಅಪೀಲಿಗೆ ಸಿಗುತ್ತವಾ?' ಸೆಕ್ಷನ್ 12ರ ಕೆಳಗೆ ಒಂದು ಚಿಕ್ಕ ವಿವರಣೆಯಿದೆ, ಓದಿ. ನಕಲಿಗೆ ಅರ್ಜಿ ಹಾಕುವುದಕ್ಕೆ ಮುಂಚೆ ಡಿಕ್ರಿ ತಯಾರಿಗೆ ಹಿಡಿದ ದಿನಗಳು ಸಿಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಹಿಡಿದ ದಿನಗಳಿಗೆ ಆ ಅಡ್ಡಿಯಿಲ್ಲ. ಡಿಕ್ರಿ ಇನ್ನೂ ಆಗಿಲ್ಲವಲ್ಲ, ಆದಮೇಲೆ ನಕಲಿಗೆ ಹಾಕೋಣ ಎಂದು ಕಾಯುವವರು ಅಲ್ಲೇ ಕೆಡುತ್ತಾರೆ. ತೀರ್ಪು ಓದಿದ ದಿನವೇ, ಪೀಠದಿಂದ ಕಡತ ಕೆಳಗೆ ಬರುವ ಮೊದಲೇ, ನಕಲು ಅರ್ಜಿಗೆ ಮೊಹರು ಹಾಕಿಸಿಕೊಂಡು ಮನೆಗೆ ಹೋಗಿ.